ಬಸ್ ಬಾರದ ದಾರಿಗೆ ಬೈಕೇ ಗತಿ
ಮಳೆಗಾಲ ಬಂದರೆ ಗಜೇಂದ್ರಗಡದ ಗುಡ್ಡಕ್ಕೆ ದೂರದ ಊರುಗಳಿಂದ ಬೈಕ್ ಸವಾರರು ಬರುತ್ತಾರೆ. ಕೋಟೆ, ಕಾಲಕಾಲೇಶ್ವರ ದೇವಸ್ಥಾನ, ಗಾಳಿಯಂತ್ರಗಳ ಮುಂದೆ ರೀಲ್ಸ್ ಮಾಡಿ ಹೋಗುತ್ತಾರೆ. ಅವರಿಗೆ ಕೆಟ್ಟ ದಾರಿ ಒಂದು ಸಾಹಸ. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳ ನಮ್ಮಂಥವರಿಗೆ ಅದೇ ಕಾಲೇಜಿನ ದಾರಿ.

ಗುಡ್ಡ ಇಳಿದರೆ ಎರೆಭೂಮಿ. ಒಂದು ಮಳೆ ಬಿದ್ದರೆ ಸಾಕು, ಕೆಸರು ಮಡ್‌ಗಾರ್ಡಿಗೆ ಮೆತ್ತಿ ಚಕ್ರವೇ ತಿರುಗುವುದಿಲ್ಲ. ಕಡ್ಡಿಯಿಂದ ಕೆಸರು ತೆಗೆಯುತ್ತ ಕುಳಿತು ನಾನು ಒಂದು ನೇಮಕಾತಿ ಪರೀಕ್ಷೆಯನ್ನೇ ತಪ್ಪಿಸಿಕೊಂಡೆ.

2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ. ಒಳ್ಳೆಯದೇ. ಆದರೆ ಬಸ್ಸೇ ಬಾರದ ದಿನ ನನ್ನ ತಂಗಿಗೆ ಅದರಿಂದೇನು ಪ್ರಯೋಜನ? ಅಂದು ಅವಳೂ ಅವಳ ಗೆಳತಿಯೂ ನನ್ನ ಬೈಕ್ ಏರುತ್ತಾರೆ. ಮೂವರು ಕೂರುವುದು ತಪ್ಪು, ಅಪಾಯ ಎಂದು ಗೊತ್ತು. ಬೇರೆ ದಾರಿ ಇಲ್ಲ.

ಗಾಳಿಯಂತ್ರದ ಉದ್ದನೆಯ ರೆಕ್ಕೆ ಹೊತ್ತ ಲಾರಿ ಗುಡ್ಡ ಹತ್ತುವಂತೆ ರಸ್ತೆ ಮಾಡಲು ಸಾಧ್ಯವಾಯಿತು. ಹಾಗಾದರೆ ಮಳೆಯಲ್ಲೂ ಬಸ್ ಬರುವಂಥ ರಸ್ತೆ ಹಳ್ಳಿಗೆ ಏಕೆ ಸಾಧ್ಯವಿಲ್ಲ? ಗಜೇಂದ್ರಗಡ ಈಗ ತಾಲ್ಲೂಕು ಕೇಂದ್ರ. ಕಚೇರಿ ಹತ್ತಿರ ಬಂದರೂ ದಾರಿ ಸುಧಾರಿಸಿಲ್ಲ. ಎಷ್ಟು ಕಿ.ಮೀ. ರಸ್ತೆ ಆಯಿತೆಂಬ ಲೆಕ್ಕವೊಂದೇ ಸಾಲದು. ಮಳೆಗಾಲದಲ್ಲಿ ಎಷ್ಟು ದಿನ ಬಸ್ ಬಂತು ಎಂದು ಗ್ರಾಮಸಭೆಯಲ್ಲಿ ಯುವಕರಾದ ನಾವೇ ಕೇಳಬೇಕು.