ಕಣ್ಣಿಗೂ ಲಕ್ವ ಹೊಡೆಯುತ್ತೆ, ಸ್ವಾಮಿ!

ರಾತ್ರಿ ಚೆನ್ನಾಗಿಯೇ ಮಲಗಿದ್ದರು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಗಲ್ಲಾಪೆಟ್ಟಿಗೆ ನೋಡಿದರೆ ಬಲಗಣ್ಣಿನ ಕೆಳಗಿನ ಅರ್ಧ ಕತ್ತಲೆ. ನೋವಿಲ್ಲ, ಕೆಂಪಿಲ್ಲ. ‘ಪೊರೆ ಬಂದಿರ್ಬೇಕು ಬಿಡ್ರೀ’ ಎಂದರು ಪಕ್ಕದಂಗಡಿಯವರು. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ಬಂತು. ಹನ್ನೆರಡು ದಿನ ಕಳೆದು ಉಚಿತ ಶಿಬಿರಕ್ಕೆ ಹೋದಾಗ ಡಾಕ್ಟರು ಹೇಳಿದ್ದು: ‘ಇದು ಪೊರೆಯಲ್ಲ, ಕಣ್ಣಿನ ನರಕ್ಕೆ ರಕ್ತ ಸಾಲದೆ ಹೋಗಿದೆ.’

ಇದು ನಮ್ಮ ಪೇಟೆಯ ದಿನಸಿ ವ್ಯಾಪಾರಿಯೊಬ್ಬರ ಪಾಡು. ಕೈಕಾಲಿಗೆ ಲಕ್ವ ಹೊಡೆದರೆ ಆ ಕ್ಷಣವೇ ಆಸ್ಪತ್ರೆಗೆ ಓಡುತ್ತೇವೆ. ಕಣ್ಣಿಗೆ ಹೊಡೆದರೆ ಶಿಬಿರ ಬರಲಿ ಎಂದು ಕಾಯುತ್ತೇವೆ! 1976ರಿಂದ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ನಡೆಸಿ ಪೊರೆಯ ಬಗ್ಗೆ ಊರೂರಿಗೂ ತಿಳಿಸಿತು, ಸಂತೋಷ. ಆದರೆ ಈಗ ಕಣ್ಣು ಮಂಜಾದರೆಲ್ಲ ಪೊರೆ ಎಂಬಂತಾಗಿದೆ. ಪೊರೆ ಮೆಲ್ಲಗೆ, ತಿಂಗಳು ವರ್ಷಗಳಲ್ಲಿ ಬೆಳೆಯುವಂಥದು. ರಾತ್ರಿ ಬೆಳಗಾಗುವುದರೊಳಗೆ ದೃಷ್ಟಿ ಹೋದರೆ ಅದು ಬೇರೆಯೇ.

ಐವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು, ಗೊರಕೆಯ ನಡುವೆ ಉಸಿರು ಕಟ್ಟುವವರು ಎಚ್ಚರವಿರಬೇಕು. ನಿದ್ದೆಯಲ್ಲಿ ರಕ್ತದೊತ್ತಡ ಇಳಿಯುತ್ತದೆ. ಅತಿಯಾಗಿ ಇಳಿದರೆ ನರಕ್ಕೆ ರಕ್ತ ಸಾಲದೆ ಹೋಗಬಹುದು. ಮಲಗುವ ಹೊತ್ತಿಗೆ ಬಿ.ಪಿ. ಮಾತ್ರೆ ನುಂಗುವವರು ಈ ವಿಷಯ ಡಾಕ್ಟರನ್ನು ಕೇಳಿ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಹೋದ ದೃಷ್ಟಿಯನ್ನು ಖಂಡಿತವಾಗಿ ಮರಳಿಸುವ ಔಷಧಿ ಇಲ್ಲ, ನಿಜ. ಮತ್ಯಾಕೆ ಓಡಬೇಕು? ಇನ್ನೊಂದು ಕಣ್ಣಿಗಾಗಿ! ನೂರರಲ್ಲಿ ಸುಮಾರು 15 ಜನರಿಗೆ ಐದು ವರ್ಷದೊಳಗೆ ಎರಡನೆಯ ಕಣ್ಣಿಗೂ ಬರುತ್ತದೆ. ವಯಸ್ಸಾದವರಲ್ಲಿ ಇನ್ನೊಂದು ಬಗೆಯುಂಟು, ನಮ್ಮಲ್ಲಿ ಅಪರೂಪ: ರಕ್ತನಾಳವೇ ಊದಿಕೊಂಡು ತಲೆನೋವು, ತಲೆ ಬಾಚಿದರೆ ನೋವು, ಅಗಿಯುವಾಗ ದವಡೆ ನೋವು. ಅಂಥವರಿಗೆ ಅಂದೇ ಸ್ಟೀರಾಯ್ಡ್ ಕೊಡದಿದ್ದರೆ ಕೆಲವೇ ದಿನಗಳಲ್ಲಿ ಎರಡನೆಯ ಕಣ್ಣೂ ಹೋಗಬಹುದು. ಇದರ ಸುಳಿವು ಕೊಡುವ ಇ.ಎಸ್.ಆರ್. ರಕ್ತಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ.

ಆರೋಗ್ಯಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ‘ದಿಢೀರನೆ ದೃಷ್ಟಿ ಹೋದರೆ ಇಂದೇ ಬನ್ನಿ’ ಎಂದು ಬಸ್ ಸ್ಟ್ಯಾಂಡಿನಲ್ಲಿ, ಮೆಡಿಕಲ್ ಶಾಪುಗಳಲ್ಲಿ ಬೋರ್ಡು ಹಾಕಿಸಿ. ಕಣ್ಣಿನ ಡಾಕ್ಟರು ರಜೆಯಿದ್ದರೂ ಅಂಥವರನ್ನು ‘ನಾಳೆ ಬಾ’ ಎನ್ನದೆ ಬಿ.ಪಿ., ಸಕ್ಕರೆ, ಇ.ಎಸ್.ಆರ್. ನೋಡಿ ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿ.

ಓದುಗರೇ, ಬಸ್ಸಿಗೆ ಕಾಯುವಾಗ ಒಂದೊಂದೇ ಕಣ್ಣು ಮುಚ್ಚಿ ಎದುರಿನ ಬೋರ್ಡು ಓದಿ ನೋಡಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತೆ. ಕಣ್ಣು ಬರುತ್ತಾ?