ರಜೆಗೆ ಕಾರಣವೇಕೆ?

ನಮ್ಮ ಖೋಲಿಯ ಅಡಿಗೆಯ ಗೆಳೆಯರೊಬ್ಬರು ಕಳೆದ ತಿಂಗಳು ಒಂದು ವಾರದ ರಜೆ ಕೇಳಿದರು. "ಊರಲ್ಲಿ ಮದುವೆಯೋ, ಮರಣವೋ?" ಎಂದು ಗಲ್ಲೆಯಿಂದ ಪ್ರಶ್ನೆ ಬಂತು. "ಎರಡೂ ಅಲ್ಲ ಧಣಿ, ಖೋಲಿಯಲ್ಲೇ ಇರುತ್ತೇನೆ" ಎಂದರು. ಎಲ್ಲರೂ ನಕ್ಕರು. ಸಂಘದ ಕೆಲಸ ಮಾಡುವ ನಾವೂ ನಕ್ಕೆವೆಂದು ಒಪ್ಪಿಕೊಳ್ಳಬೇಕು.

ಆ ವಾರ ಅವರು ಮಾಡಿದ್ದೇನು? ಘಟ್ಟದ ಮೇಲಿರುವ ಮೊಮ್ಮಗಳಿಗೆ ಉಣ್ಣೆಯ ಟೊಪ್ಪಿ ಹೆಣೆದರು (ಮುಂಬಯಿಯ ಸೆಕೆಯಲ್ಲಿ ಉಣ್ಣೆಯೇ ಎನ್ನಬೇಡಿ). ರಾತ್ರಿ ಶಾಲೆಯ ದಿನಗಳಲ್ಲಿ ಅರ್ಧಕ್ಕೆ ಬಿಟ್ಟಿದ್ದ ಕಾರಂತರ 'ಚೋಮನ ದುಡಿ'ಯನ್ನು ಓದಿ ಮುಗಿಸಿದರು. ಯಾರ ಮಾತನ್ನೂ ಕೇಳದ ಚಾಳಿನ ಬೆಕ್ಕು ಮಧ್ಯಾಹ್ನವೆಲ್ಲ ಅವರ ತೊಡೆಯ ಮೇಲೆ. ಉಣ್ಣೆಯ ಉಂಡೆ ಎರಡು ಸಲ ಅದರ ಪಾಲಾಯಿತು. ಬೆಳಗಿನ 4 ಗಂಟೆಗೆ ಒಲೆ ಹಚ್ಚುವವರು ಅವರು. ನಮ್ಮ ಖೋಲಿಯೊಳಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆಂದು 30 ವರ್ಷಗಳ ಮೇಲೆ ತಿಳಿಯಿತೆಂದರು.

2017ರ ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ತನ್ನ ವ್ಯಾಪ್ತಿಯ ಕೆಲಸಗಾರರಿಗೆ ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆಯನ್ನೂ, 240 ದಿನ ದುಡಿದವರಿಗೆ 20 ದಿನಕ್ಕೊಂದರಂತೆ ಗಳಿಕೆ ರಜೆಯನ್ನೂ ಸಂಬಳಸಹಿತ ಕೊಟ್ಟಿದೆ. ಸಾವು ಸಂಭವಿಸಿದರೆ ಮಾತ್ರ ಎಂದು ಅದರಲ್ಲೆಲ್ಲೂ ಬರೆದಿಲ್ಲ.

ಅವರ ಸಂಬಳದಲ್ಲಿ 7 ದಿನದ್ದು ಕಡಿದಿದ್ದಾರೆ. ಕೇಳಲು ಸೋಮವಾರ ಹೋಗುತ್ತೇವೆ. ನಗದೆ ಜೊತೆಗೆ ಬರುವವರು ಸಂಘದ ಕಚೇರಿಗೆ ಬರಲಿ.