ಕಲ್ಲಿನಲ್ಲಿ ರೂವಾರಿಯ ಹೆಸರು, ಬ್ಲಾಕ್‌ಚೈನಿನಲ್ಲಿ ಯಾರ ಹೆಸರು?

ವಿನ್ಯಾಸಕಾರರ ಕೃತಿಸ್ವಾಮ್ಯವನ್ನು ಕಾಯಲು ಬ್ಲಾಕ್‌ಚೈನ್ ತಂತ್ರಜ್ಞಾನವೇ ಸಾಕು ಎಂಬ ವಾದ ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ರೇಖಾಚಿತ್ರವನ್ನೋ ನಮೂನೆಯನ್ನೋ ಒಮ್ಮೆ ಅದರಲ್ಲಿ ದಾಖಲಿಸಿದರೆ ಆ ದಾಖಲೆಯನ್ನು ಅಳಿಸಲು, ತಿದ್ದಲು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ ಕದಿಯುವವನಿಗೆ ದಾರಿಯೇ ಉಳಿಯುವುದಿಲ್ಲ ಎಂಬುದು ಈ ವಾದದ ತಿರುಳು. ಇದನ್ನು ಒರೆಗೆ ಹಚ್ಚಲು ಹಾಸನ ಜಿಲ್ಲೆಗಿಂತ ಯೋಗ್ಯವಾದ ನೆಲ ಸಿಗಲಾರದು. ಮಾಡಿದವನ ಹೆಸರನ್ನು ಅಳಿಸಲಾಗದಂತೆ ಬರೆದಿಡುವ ಪದ್ಧತಿ ಇಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ಇತ್ತು.

1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಪೀಠಗಳ ಮೇಲೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ ಮತ್ತು ಜಾವಗಲ್ಲಿನ ಗುಡಿಗಳಲ್ಲಿ ಕೆಲಸ ಮಾಡಿದ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ 1268ರ ಸೋಮನಾಥಪುರದವರೆಗೆ ಮತ್ತೆ ಮತ್ತೆ ಕಾಣಸಿಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ನಿದರ್ಶನ ಇನ್ನೂ ಸ್ವಾರಸ್ಯಕರ. ಅಲ್ಲಿನ 1246ರ ದೇವಾಲಯದ ದಕ್ಷಿಣ ಭಾಗದ ಶಿಲ್ಪಗಳು ಬೈಚೋಜನವು, ಉತ್ತರ ಭಾಗದವು ಮಲ್ಲಿತಮ್ಮನವು ಎಂದು ವಿದ್ವಾಂಸರು ಬೇರ್ಪಡಿಸಿ ಹೇಳಲು ಸಾಧ್ಯವಾದದ್ದು ಅವರವರ ರುಜುವಿನಿಂದಲೇ. ಕೆಲವರಂತೂ ಪ್ರತಿಸ್ಪರ್ಧಿ ಶಿಲ್ಪಿಗಳನ್ನು ಮೀರಿಸಿದವರೆಂಬ ಬಿರುದುಗಳನ್ನೂ ಹೆಸರಿನ ಜೊತೆಗೆ ಕೆತ್ತಿಕೊಂಡಿದ್ದಾರೆ. ದೇವಾಲಯ ದೊರೆಯದು, ಹಣ ದಾನಿಯದು. ಹೆಸರು ಮಾತ್ರ ಮಾಡಿದವನದು. ಶಾಸನಗಳಲ್ಲಿ ಶಿಲ್ಪಿಯನ್ನು ‘ರೂವಾರಿ’ ಎನ್ನುತ್ತಾರೆ. ಇಂದು ಪತ್ರಿಕೆಗಳು ಆ ಪದವನ್ನು ಸಮ್ಮಿಶ್ರ ಸರ್ಕಾರ ಕಟ್ಟಿದ ರಾಜಕಾರಣಿಗೆ ಬಳಸುತ್ತವೆ ಎಂಬುದು ಬೇರೆ ಮಾತು.

ಹಾಗಿದ್ದೂ ಬೇಲೂರಿಗೆ ಬಂದವರಲ್ಲಿ ಹೆಚ್ಚಿನವರು ಹೊತ್ತೊಯ್ಯುವುದು ಜಕಣಾಚಾರಿಯ ಹೆಸರನ್ನು. ಅವನು ಐತಿಹ್ಯದ ಶಿಲ್ಪಿ. ಬೇಲೂರಿನ ರುಜುಗಳಲ್ಲಿ ಅವನ ಹೆಸರಿಲ್ಲ. ದಾಸೋಜ, ಚಾವಣರ ಹೆಸರು ಕಲ್ಲಿನಲ್ಲಿಯೇ ಇದೆ, 1902ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲಾ ಸಂಪುಟದಲ್ಲಿಯೂ ಜಿಲ್ಲೆಯ ಶಾಸನಗಳು ದಾಖಲಾಗಿವೆ. ದಾಖಲೆ ಅಳಿಯದೆ ಉಳಿಯುವುದು ಒಂದು, ಅದನ್ನು ಜನ ಓದಿ ಮನ್ನಿಸುವುದು ಇನ್ನೊಂದು. ತಂತ್ರಜ್ಞಾನದ ಪರ ಮಾತನಾಡುವವರು ಈ ವ್ಯತ್ಯಾಸವನ್ನು ಗಮನಿಸಿದಂತೆ ತೋರುವುದಿಲ್ಲ.

ಬ್ಲಾಕ್‌ಚೈನ್ ಮಾಡುವ ಕೆಲಸ ವಾಸ್ತವವಾಗಿ ಸರಳ. ಗಣಕದಲ್ಲಿರುವ ಕಡತದಿಂದ ಒಂದು ಲೆಕ್ಕಾಚಾರದ ಮೂಲಕ ಅಂಕಿ-ಅಕ್ಷರಗಳ ಸಾಲೊಂದು ಹೊರಡುತ್ತದೆ. ಇದಕ್ಕೆ ‘ಹ್ಯಾಶ್’ ಎಂದು ಹೆಸರು; ಕಡತದ ಬೆರಳಚ್ಚು ಎನ್ನಬಹುದು. ಚಿತ್ರದ ಒಂದು ಗೆರೆ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಈ ಸಾಲನ್ನು ದಿನಾಂಕ, ವೇಳೆಯೊಡನೆ ಅನೇಕ ಗಣಕಗಳಲ್ಲಿ ಏಕಕಾಲಕ್ಕೆ ಬರೆದಿಡಲಾಗುತ್ತದೆ. ಇಂಥ ದಿನ ಇಂಥ ಕಡತ ಅಸ್ತಿತ್ವದಲ್ಲಿತ್ತು ಎಂಬುದಕ್ಕೆ ಇದು ಬಲವಾದ ಸಾಕ್ಷಿ. 2018ರ ಜೂನ್‌ನಲ್ಲಿ ಚೀನಾದ ಹಾಂಗ್‌ಝೌ ನಗರದ ಇಂಟರ್ನೆಟ್ ನ್ಯಾಯಾಲಯ ಕೃತಿಸ್ವಾಮ್ಯದ ಮೊಕದ್ದಮೆಯೊಂದರಲ್ಲಿ ಇಂತಹ ಸಾಕ್ಷ್ಯವನ್ನು ಒಪ್ಪಿಕೊಂಡಿತು. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಪಕ್ಷಗಾರನ ಜೊತೆಗೆ ತಜ್ಞನೂ ಸಹಿ ಹಾಕಬೇಕು. ಬೆರಳಚ್ಚಿನ ಕಲ್ಪನೆ ನಮ್ಮ ಕಾನೂನಿಗೆ ಈಗ ಅಪರಿಚಿತವಲ್ಲ.

ಆದರೆ ಆ ಕಡತವನ್ನು ರಚಿಸಿದವರು ಯಾರು ಎಂಬುದು ಬ್ಲಾಕ್‌ಚೈನಿಗೆ ತಿಳಿಯದು. ಯಾರು ಮೊದಲು ತಂದರೋ ಅವರ ಖಾತೆಯ ಹೆಸರನ್ನು ಅದು ಬರೆದುಕೊಳ್ಳುತ್ತದೆ. ಕದ್ದವನು ಮೊದಲು ಬಂದರೆ ಕಳ್ಳತನವೇ ಅಳಿಸಲಾಗದ ದಾಖಲೆಯಾಗುತ್ತದೆ. ಇದು ಊಹೆಯಲ್ಲ. ಎನ್‌ಎಫ್‌ಟಿ ಮಾರಾಟದ ದೊಡ್ಡ ತಾಣವಾದ ಓಪನ್‌ಸೀ, ತನ್ನ ಉಚಿತ ಸೌಲಭ್ಯ ಬಳಸಿ ಸೃಷ್ಟಿಸಿದವುಗಳಲ್ಲಿ ಶೇ. 80ಕ್ಕೂ ಹೆಚ್ಚು ಕೃತಿಚೌರ್ಯ, ನಕಲಿ ಅಥವಾ ಕಸ ಎಂದು 2022ರ ಜನವರಿಯಲ್ಲಿ ತಾನೇ ಹೇಳಿಕೊಂಡಿತು. ದಾಖಲೆಯ ಆಯುಷ್ಯದ ಪ್ರಶ್ನೆಯೂ ಇದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯು ಕಡತಗಳಿಗೆ ಬೆರಳಚ್ಚು ಮತ್ತು ವೇಳೆಯ ಮುದ್ರೆ ಹಾಕಿಕೊಡುವ ‘ವೈಪೋ ಪ್ರೂಫ್’ ಸೇವೆಯನ್ನು 2020ರ ಮೇ ತಿಂಗಳಲ್ಲಿ ಆರಂಭಿಸಿ 2022ರ ಜನವರಿ ಅಂತ್ಯಕ್ಕೆ ಮುಚ್ಚಿತು. ಅದು ಎರಡು ವರ್ಷವೂ ಬಾಳಲಿಲ್ಲ.

ಇನ್ನು ಕಾನೂನಿನ ತೊಡಕು. ಇದನ್ನು ಬಲ್ಲವರು ಕಡಿಮೆ, ನಷ್ಟ ಅನುಭವಿಸುವವರು ಹೆಚ್ಚು. ಒಂಬೈನೂರು ವರ್ಷ ಹಳೆಯ ದರ್ಪಣ ಸುಂದರಿಗೆ ಕೃತಿಸ್ವಾಮ್ಯವಿಲ್ಲ. ಬಳಪದ ಕಲ್ಲಿನಲ್ಲಿ ಅದರ ಪ್ರತಿ ಕಡೆದು ಯಾರು ಬೇಕಾದರೂ ಮಾರಬಹುದು. ಆದರೆ ಹೊಯ್ಸಳ ಬಳ್ಳಿಯ ಜಾಡು ಹಿಡಿದು ಶಿಲ್ಪಿಯೊಬ್ಬಳು ತನ್ನದೇ ಕಲ್ಪನೆಯಿಂದ ಬಾಗಿಲ ಚೌಕಟ್ಟಿಗೆ ಹೊಸ ನಮೂನೆ ಬರೆದಳೆನ್ನಿ. ಆಕೆ ಸೇರಿಸಿದ ಹೊಸತನದ ಮಟ್ಟಿಗೆ, ನೋಂದಣಿ ಇಲ್ಲದೆಯೂ, ಕೃತಿಸ್ವಾಮ್ಯ ಆಕೆಯದೇ. ತೊಡಕು ಆಮೇಲೆ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನಂತೆ, ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಬಳಸಿದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಮಾಲೀಕಳೇ ಅಥವಾ ಆಕೆಯ ಅನುಮತಿ ಪಡೆದವರು ಸಿಎನ್‌ಸಿ ಯಂತ್ರಕ್ಕೆ ಕಡತ ತುಂಬಿ ಐವತ್ತೊಂದನೆಯ ಚೌಕಟ್ಟು ಕೊರೆಸಿದಾಗ ಬ್ಲಾಕ್‌ಚೈನಿನಲ್ಲಿರುವ ದಾಖಲೆ ಹಾಗೆಯೇ ಇರುತ್ತದೆ, ಹಕ್ಕು ಇರುವುದಿಲ್ಲ. ಶುದ್ಧ ಕಲಾಕೃತಿ ಯಾವುದು, ವಸ್ತುವಿಗೆ ಅನ್ವಯಿಸಿದ ವಿನ್ಯಾಸ ಯಾವುದು ಎಂದು ವಿಂಗಡಿಸುವ ಮಾನದಂಡಗಳನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 15ರಂದು ಕ್ರಯೋಗ್ಯಾಸ್ ಪ್ರಕರಣದಲ್ಲಿ ನೀಡಿದೆ. ಪ್ರತಿ ಪ್ರಕರಣದಲ್ಲೂ ಅವುಗಳ ವಿಚಾರಣೆ ನಡೆಯಬೇಕು.

ಹಾಗಾದರೆ ನೋಂದಾಯಿಸಿದರಾಯಿತು, ಹತ್ತು ವರ್ಷ, ಬೇಕಾದರೆ ಮತ್ತೈದು ವರ್ಷ ರಕ್ಷಣೆ ಸಿಗುತ್ತದೆ. ಇಲ್ಲಿಯೂ ಒಂದು ಅಪಾಯವಿದೆ. 2000ದ ವಿನ್ಯಾಸ ಕಾಯ್ದೆ ಹೊಸತನವನ್ನು ಕೇಳುತ್ತದೆ. ಅರ್ಜಿ ಸಲ್ಲಿಸುವ ಮುನ್ನ ವಿನ್ಯಾಸ ಸಾರ್ವಜನಿಕರಿಗೆ ಬಹಿರಂಗವಾಗಿದ್ದರೆ ನೋಂದಣಿ ನಿರಾಕರಣೆಯಾಗಬಹುದು, ಕೊಟ್ಟದ್ದೂ ರದ್ದಾಗಬಹುದು. ರಕ್ಷಣೆ ಸಿಗುತ್ತದೆಂದು ನಂಬಿ ಚಿತ್ರವನ್ನೇ ಸಾರ್ವಜನಿಕ ಬ್ಲಾಕ್‌ಚೈನಿಗೆ ಏರಿಸಿದವಳು ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟಂತೆ ಆಗಬಹುದು. ಬೆರಳಚ್ಚನ್ನು ಮಾತ್ರ ಏರಿಸಿ ಚಿತ್ರವನ್ನು ತನ್ನಲ್ಲೇ ಇಟ್ಟುಕೊಂಡರೆ ಈ ಭಯವಿಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದದ್ದು ಕೂಲಿಯಾಳಿನ ಪ್ರಶ್ನೆ. ಕಾರ್ಯಾಗಾರದಲ್ಲಿ ಸಂಬಳಕ್ಕೆ ದುಡಿಯುವವನು ರಚಿಸಿದ್ದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, 17ನೇ ಕಲಮಿನಂತೆ ಮಾಲೀಕನೇ ಮೊದಲ ಹಕ್ಕುದಾರ. ಆದರೆ ಹಕ್ಕು ಕೈಬಿಟ್ಟರೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಮು ರಚಿಸಿದವನಿಗೇ ಉಳಿಸಿದೆ. ದೊರೆಯ ದೇವಾಲಯದಲ್ಲಿ ದಾಸೋಜನು ರುಜು ಹಾಕಿದ ನ್ಯಾಯ ಇದೇ. ಬ್ಲಾಕ್‌ಚೈನ್ ವ್ಯವಸ್ಥೆಗಳು ಸಾಮಾನ್ಯವಾಗಿ ಲೆಕ್ಕ ಇಡುವುದು ಒಡೆತನದ್ದು: ಯಾರಿಂದ ಯಾರಿಗೆ, ಎಷ್ಟಕ್ಕೆ ಎಂದು. ಒಡೆಯನ ಹೆಸರಿನ ಪಕ್ಕದಲ್ಲಿ ಕಡೆದವನ ಹೆಸರಿಗೆ ಕಡ್ಡಾಯದ ಅಂಕಣವಿಲ್ಲದಿದ್ದರೆ, ಹೊಯ್ಸಳರ ಕಾಲದಲ್ಲಿದ್ದ ಮರ್ಯಾದೆಯೂ ಇಂದಿನ ಕೂಲಿಯಾಳಿಗೆ ಸಿಗದು.

ಭೌಗೋಳಿಕ ಸೂಚಿಕೆಯೂ ಈ ಕೊರತೆಯನ್ನು ತುಂಬಲಾರದು. ಇಳಕಲ್ಲಿನ ಸೀರೆಗೆ, ಚನ್ನಪಟ್ಟಣದ ಬೊಂಬೆಗೆ ಜಿಐ ಮಾನ್ಯತೆ ಇದೆ. ಅದು ಕಾಯುವುದು ಊರಿನ ಹೆಸರನ್ನು, ಹೊಸ ನಮೂನೆ ಕಂಡುಕೊಂಡ ಒಬ್ಬ ನೇಕಾರನ ಹೆಸರನ್ನಲ್ಲ.

ತಂತ್ರಜ್ಞಾನದ ಅಡಿಪಾಯಕ್ಕೆ ರಾಜ್ಯದಲ್ಲಿ ಕೊರತೆಯಿಲ್ಲ. ಕಾಫಿ ಮಂಡಳಿಗಾಗಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು 2019ರ ಮಾರ್ಚ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಲಾಗಿತ್ತು. ಬೇಲೂರು, ಸಕಲೇಶಪುರದ ಬೆಳೆಗಾರರಿಗೆ ಆ ಪದ ಹೊಸದಲ್ಲ. ರಾಷ್ಟ್ರೀಯ ಮಾಹಿತಿ ಕೇಂದ್ರವು ಬೆಂಗಳೂರಿನಲ್ಲಿ 2020ರ ಜನವರಿಯಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವನ್ನು ತೆರೆಯಿತು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ‘ವಿಶ್ವಸ್ಯ’ ಎಂಬ ಸಾಮಾನ್ಯ ವೇದಿಕೆಯನ್ನೂ ಒದಗಿಸಿದೆ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳ ಮಾದರಿಯ ವಸ್ತುಗಳ ಮೇಲೆ ವ್ಯಾಪಾರಿಗಳ ಕಣ್ಣು ಇನ್ನಷ್ಟು ಬೀಳುವುದು ಸಹಜ.

ಮೊದಲು ಆಗಬೇಕಾದದ್ದು ಇದಕ್ಕಿಂತ ಅಗ್ಗದ ಕೆಲಸ. ಕಲಾಕೃತಿಯೊಂದರ ಕೃತಿಸ್ವಾಮ್ಯ ನೋಂದಣಿಗೆ ಶುಲ್ಕ 500 ರೂಪಾಯಿ, ವಸ್ತುಗಳ ಮೇಲೆ ಬಳಸುವಂಥದ್ದಾದರೆ 2,000. ವ್ಯಕ್ತಿಯೊಬ್ಬರ ವಿನ್ಯಾಸದ ಅರ್ಜಿಗೆ 1,000 ರೂಪಾಯಿ. ಎರಡಕ್ಕೂ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದು. ಆದರೆ ಕೃತಿಸ್ವಾಮ್ಯ ಕಚೇರಿ ಇರುವುದು ದೆಹಲಿಯಲ್ಲಿ, ವಿನ್ಯಾಸದ್ದು ಕೊಲ್ಕತ್ತದಲ್ಲಿ. ಅರಸೀಕೆರೆಯ ಶಿಲ್ಪಿಗೆ ಎರಡೂ ದೂರವೇ. ಕರ್ನಾಟಕ ಶಿಲ್ಪಕಲಾ ಅಕಾಡೆಮಿಯ ಶಿಬಿರಗಳಲ್ಲಿ ಒಂದು ದಿನವನ್ನು ಅರ್ಜಿ ತುಂಬಿಸುವುದಕ್ಕೆ ಮೀಸಲಿಟ್ಟು, ಅದೇ ಮೇಜಿನ ಬಳಿ ಕಡತದ ಬೆರಳಚ್ಚನ್ನೂ ತೆಗೆದು ಕಡೆದವರ ಹೆಸರಿನೊಡನೆ ‘ವಿಶ್ವಸ್ಯ’ದಂತಹ ವೇದಿಕೆಗೆ ಸೇರಿಸುವುದು ಅಸಾಧ್ಯದ ಕಾರ್ಯವೇನಲ್ಲ. ಅದಕ್ಕೆ ಮೊದಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಮಾಹಿತಿ ತಂತ್ರಜ್ಞಾನ ಇಲಾಖೆಯೂ ಒಂದು ಮೇಜಿನ ಸುತ್ತ ಕೂರಬೇಕಾಗುತ್ತದೆ.